ರಾಗ ಕಳುವಾಗಿದೆ ಎಂದು ನಾನು ಕೊಟ್ಟ ದೂರು

ನಾನು ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಪಕ್ಕದ ಅಂಗಡಿಯವರು ಹೊಸ ಕಾರು ತಂದಾಗ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ನಾನೇ. ಆ ಕಾರು ಆರೇ ತಿಂಗಳಲ್ಲಿ ಗ್ಯಾರೇಜು ಸೇರಿದ್ದಕ್ಕೂ ನನ್ನ ನಿಂಬೆಹಣ್ಣಿಗೂ ಯಾವ ಸಂಬಂಧವೂ ಇಲ್ಲ.

ಶಿರಸಿಯಲ್ಲಿ ನನ್ನದೊಂದು ಪುಟ್ಟ ಅಂಗಡಿಯಿದೆ. ಈಗ ಅಲ್ಲಿ ಮೊಬೈಲ್ ಕವರು, ಚಾರ್ಜರು, ಇಯರ್‌ಫೋನು ಮಾರುತ್ತೇನೆ. ಹಿಂದೆ ಅದೇ ಜಾಗದಲ್ಲಿ ‘ಸ್ವರಸಂಪಿಗೆ ಕ್ಯಾಸೆಟ್ ಕೇಂದ್ರ’ ಇತ್ತು. ಜನ ಬೇಕಾದ ಹಾಡುಗಳ ಪಟ್ಟಿ ಬರೆದು ತಂದರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. ಸಂಜೆ ಹೊತ್ತು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ನಾನು ಮುಖ್ಯ ಗಾಯಕ. ಢೋಲಕ್ ಬಾರಿಸುತ್ತಿದ್ದವನು ಮಂಜುನಾಥ, ಸಿದ್ದಾಪುರದ ಕಡೆಯ ಮನ್ಮನೆಯವನು. ನನ್ನ ಹೆಂಡತಿ ಸರೋಜಳೂ ಅದೇ ಊರಿನವಳು. ಮದುವೆಯಾದ ಹೊಸತರಲ್ಲಿ ನಾನು ಸ್ವಂತ ರಾಗ ಹಾಕಿ, ಸ್ವಂತ ಸಾಹಿತ್ಯ ಬರೆದು ಒಂದು ಪ್ರೇಮಗೀತೆ ಹಾಡಿದೆ: ‘ಬಾರದ ಬಸ್ಸಿಗೆ ಕಾದೆ ನಾ ನಲ್ಲೆ.’ ಅದನ್ನು ಕ್ಯಾಸೆಟ್ಟೂ ಮಾಡಿಸಿದೆ. ಬಸ್ಸಿನ ಹಾಗೇ ಗಿರಾಕಿಗಳೂ ಬರಲಿಲ್ಲ.

ಹೋದ ವರ್ಷ, ಈಗ ಕ್ಯಾಸೆಟ್ಟಿನ ಕಾಲ ಹೋಗಿ ಆ್ಯಪಿನ ಕಾಲ ಬಂದಿದೆಯಲ್ಲ, ಅಲ್ಲಾದರೂ ನನ್ನ ಪ್ರತಿಭೆಗೆ ನ್ಯಾಯ ಸಿಗಲಿ ಎಂದು ಆ ಹಾಡನ್ನು ಹಾಡು ಕೇಳುವ ಆ್ಯಪಿಗೆ ಏರಿಸಿದೆ. ಎಂಟು ತಿಂಗಳಲ್ಲಿ ಅದನ್ನು ನಲವತ್ಮೂರು ಸಲ ಕೇಳಲಾಗಿತ್ತು. ಅದರಲ್ಲಿ ಮೂವತ್ತೊಂದು ಸಲ ಕೇಳಿದವನು ನಾನು.

ಹೀಗಿರಲು ಒಂದು ದಿನ ಯಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಮುಂದಿನ ಸೀಟಿನ ಹೆಂಗಸಿನ ಫೋನಿನಿಂದ ಒಂದು ರಾಗ ಕೇಳಿಸಿತು. ನನ್ನ ರಾಗ! ನನ್ನ ಹೃದಯದಿಂದ ಹುಟ್ಟಿದ, ನಲವತ್ಮೂರು ಸಲ ಕೇಳಲ್ಪಟ್ಟ ರಾಗ! ಆದರೆ ಪದ ಬೇರೆ, ದನಿಯೂ ಬೇರೆ.

“ಅಕ್ಕಾರ, ಯಾವ ಹಾಡ್ರಿ ಇದು?” ಎಂದು ಕೇಳಿದೆ.

“ಗೊತ್ತಿಲ್ವನಾ? ಎಲ್ಲರ ಮೊಬೈಲಲ್ಲೂ ಇದೇ ಅಲ್ರಾ! ಕಿರವತ್ತಿಯ ಮಂಜುನಾಥ ಅನ್ನೋರದ್ದು” ಎಂದು ಆಕೆ ಪರದೆ ತೋರಿಸಿದಳು.

ಪರದೆಯ ಮೇಲೆ ಮಂಜ ನಗುತ್ತಿದ್ದ. ಅದೇ ಢೋಲಕ್ ಮಂಜ! ಆರ್ಕೆಸ್ಟ್ರಾ ನಿಂತ ಮೇಲೆ ಅವನು ಕಿರವತ್ತಿಗೆ ಹೋಗಿ ಹೆದ್ದಾರಿ ಪಕ್ಕ ಟಯರ್ ಪಂಕ್ಚರ್ ಅಂಗಡಿ ಇಟ್ಟಿದ್ದ. ಹಾಡಿನ ಹೆಸರು ‘ಸಸಿ ನೆಡೋ ಕೈ’. ಕೇಳಿದವರ ಸಂಖ್ಯೆ ಹನ್ನೊಂದು ಲಕ್ಷ.

ಹನ್ನೊಂದು ಲಕ್ಷ! ನಾನು ಮೊದಲು ನಲವತ್ಮೂರನ್ನೂ ಆಮೇಲೆ ಹನ್ನೊಂದು ಲಕ್ಷವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದೆ. ಹೊಟ್ಟೆಯಲ್ಲಿ ಏನೋ ಉರಿಯಿತು. ಬೆಳಿಗ್ಗೆ ತಿಂದ ಮಿರ್ಚಿ ಇರಬೇಕು ಎಂದುಕೊಂಡೆ. ಆ ದಿನ ನಾನು ಮಿರ್ಚಿ ತಿಂದಿರಲಿಲ್ಲ.

ಮನೆಗೆ ಬಂದವನೇ ಅಡುಗೆಮನೆಯಲ್ಲಿ ನಿಂತು ಹಾಡು ಹಾಕಿದೆ.

ಸಸಿ ನೆಡೋ ಕೈಗೆ ಬಳೆ ಯಾರು ತಂದಾರೆ
ಕೆಸರಲ್ಲಿ ಬಳೆಯ ಸದ್ದೆಲ್ಲಿ...

ಹತ್ತು ಸೆಕೆಂಡಿಗೆ ನಿಲ್ಲಿಸಿಬಿಟ್ಟೆ. ಅದಕ್ಕಿಂತ ಹೆಚ್ಚು ಕೇಳಲು ಆಗಲಿಲ್ಲ.

ಸರೋಜಾ ಸೌಟು ಹಿಡಿದು ನಿಂತಿದ್ದಳು. “ಚೆನ್ನಾಗಿದೆ ಅಲ್ರಾ?” ಎಂದಳು. ಅವಳ ಕಣ್ಣಿನಲ್ಲಿ ಏನೋ ಹೊಳಪು.

“ಇದರಲ್ಲಿ ಚೆನ್ನಾಗಿರೋದು ರಾಗ ಒಂದೇ. ಆ ರಾಗ ಯಾರದು ಅಂತ ನಿನಗ ಗೊತ್ತೈತಲ್ಲ?”

“ಗೊತ್ತು” ಎಂದು ಅವಳು ಮೆಲ್ಲಗೆ ನಕ್ಕಳು. ನನ್ನದು ಎಂದೇ ಹೇಳುತ್ತಿದ್ದಾಳೆ ಎಂದು ನಾನು ತಿಳಿದೆ. “ಪೂರ್ತಿ ಕೇಳಿದ್ರಾ?”

“ಪೂರ್ತಿ ಕೇಳಾಕ ಅದರಾಗ ಏನೈತಿ?”

ಅವಳ ಮುಖ ಸಣ್ಣದಾಯಿತು. ಸಾರು ಕುದಿಯುತ್ತಿದ್ದುದರಿಂದ ಹಾಗಾಗಿರಬೇಕು ಎಂದು ನಾನು ಅರ್ಥಮಾಡಿಕೊಂಡೆ. ಆ ದಿನಗಳಲ್ಲಿ ನಾನು ಯಾವುದನ್ನೂ ಸರಿಯಾಗಿ ಅರ್ಥಮಾಡಿಕೊಂಡ ದಾಖಲೆಯಿಲ್ಲ.

ಮುಂದಿನ ಒಂದು ವಾರ ಮಂಜನ ಹಾಡಿನ ಸಂಖ್ಯೆ ನೋಡುವುದೇ ನನ್ನ ಉದ್ಯೋಗವಾಯಿತು. ಎದ್ದ ಕೂಡಲೇ ಒಮ್ಮೆ, ಅಂಗಡಿ ಬಾಗಿಲು ತೆಗೆದ ಮೇಲೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ. ಹಾಡು ತೆರೆಯುವುದು, ಹತ್ತು ಸೆಕೆಂಡು ಹಲ್ಲು ಕಚ್ಚುವುದು, ಮುಚ್ಚುವುದು. ಹೀಗೆ ಪ್ರತಿ ಸಲ ತೆರೆದಾಗಲೂ ಅವನ ಲೆಕ್ಕಕ್ಕೆ ನಾನೇ ಒಂದೊಂದು ಸೇರಿಸುತ್ತಿರಬಹುದು ಎಂಬುದು ಹೊಳೆದದ್ದು ಎಂಟನೆಯ ದಿನ.

ಒಂಬತ್ತನೆಯ ದಿನ ವಕೀಲರ ಬಳಿಗೆ ಹೋದೆ. ನಮ್ಮ ಬೀದಿಯಲ್ಲೇ ಅವರ ಆಫೀಸು. ತೋಟದ ಮನೆತನದವರು, ಗಡಿಬಿಡಿಯಿಲ್ಲದ ಮನುಷ್ಯ. ನನ್ನ ದುಃಖವನ್ನೆಲ್ಲ ಕೇಳಿ, ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದು ಕೂತರು.

“ನೋಡಿ ಬಸವರಾಜ್, ಒಂದು ಹಾಡಲ್ಲಿ ಮೂರು ಹಕ್ಕು ಇರ್ತದೆ. ಪದ ಬರೆದವರದ್ದು ಒಂದು, ರಾಗ ಹಾಕಿದವರದ್ದು ಒಂದು, ರೆಕಾರ್ಡ್ ಮಾಡಿಸಿದವರದ್ದು ಒಂದು. ಹಾಡಿದವರಿಗೆ ಬೇರೆಯೇ ಇದೆ. ಈ ಕಾನೂನು ಮಾಡುವಾಗ ಹಾಡು ಅಂದ್ರೆ ಗ್ರಾಮಫೋನ್ ತಟ್ಟೆ. ಆಮೇಲೆ ಕ್ಯಾಸೆಟ್ ಬಂತು, ಸಿಡಿ ಬಂತು, ಈಗ ಕೈಗೇ ಸಿಗದ ಹಾಗಾಗಿದೆ. ಕಾನೂನು ಏದುಸಿರು ಬಿಡ್ತಾ ಹಿಂದಿಂದ ಓಡ್ತಾ ಇದೆ ಮಾರಾಯ್ರೆ.”

“ರಾಗ ನಂದು ಸರ್! ಅದಕ್ಕ ಏನ್ ಮಾಡಬೇಕು ಹೇಳ್ರಿ.”

“ನಿಮ್ದೇ ಅಂತ ಖಾತ್ರಿಯಾ? ಎಲ್ಲಿಂದ ಬಂತು ಅದು?”

“ತಲೆಯಿಂದ!”

“ತಲೆಗೆ ಎಲ್ಲಿಂದ ಬಂತು ಅಂತ ಕೇಳಿದೆ” ಎಂದು ಅವರು ಕನ್ನಡಕದ ಮೇಲಿಂದ ನೋಡಿದರು. “ಎಂಥದ್ದೂ ಬೇಡ. ಮೊದಲು ಮಂಜುನಾಥಂಗೆ ಒಂದು ಫೋನ್ ಮಾಡಿ. ನಿಮ್ಮ ಹಳೇ ದೋಸ್ತಿ ಅಲ್ವಾ?”

ಬಹಳ ಒಳ್ಳೆಯ ಸಲಹೆ. ಆದ್ದರಿಂದ ನಾನು ಅದನ್ನು ಪಾಲಿಸಲಿಲ್ಲ.

ಅಂಗಡಿಗೆ ಬಂದು ಆ್ಯಪಿನ ದೂರು ಅರ್ಜಿಯನ್ನು ತೆರೆದೆ. ಅದು ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ಬದಲಿಸುವ ಗುಂಡಿ ಒತ್ತಿದರೆ, ‘ನೀವು ಸರಿಯಾದ ಮಾಲೀಕರಾಗಿರುವ ನಂಬಿಕೆಯಲ್ಲಿ ಒಳ್ಳೆಯದಾಗಿ ಇದ್ದೀರಾ?’ ಎಂದು ಕೇಳಿತು. ಒಳ್ಳೆಯದಾಗಿ ಇದ್ದೇನೆ ಎಂದು ಗುರುತು ಹಾಕಿದೆ. ‘ಇದು ಸುಳ್ಳಾದರೆ ಶಿಕ್ಷೆಗೆ ಒಪ್ಪುವಿರಾ?’ ಒಪ್ಪಿದೆ! ಆಗ ಜೈಲಿಗೂ ಒಪ್ಪುವ ಹುಮ್ಮಸ್ಸು ನನ್ನದು. ದೂರುದಾರರ ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಕಲು ಸಣ್ಣ ನಾಚಿಕೆಯಾಯಿತು. ‘ಸ್ವರಸಂಪಿಗೆ ಸಂಗೀತ ಸಂಸ್ಥೆ’ ಎಂದು ಬರೆದೆ. ಕೇಳಲಿಕ್ಕೂ ಗಂಭೀರವಾಗಿತ್ತು. ಕೊನೆಗೆ ಹಾಡಿನ ಕೊಂಡಿ ಅಂಟಿಸಿ ಕಳಿಸಿದೆ.

ಎರಡೇ ದಿನದಲ್ಲಿ ಉತ್ತರ ಬಂತು: ತಾವು ತಿಳಿಸಿದ ಹಾಡನ್ನು ತೆಗೆದುಹಾಕಲಾಗಿದೆ.

ಕುಣಿಯುವುದೊಂದು ಬಾಕಿ. ಆನಂದದಿಂದ ಹುಡುಕಿ ನೋಡಿದರೆ ಮಂಜನ ಹಾಡು ಇದ್ದ ಜಾಗದಲ್ಲೇ ಇದೆ. ಸಂಖ್ಯೆ ಇನ್ನೂ ಮೇಲೇರಿದೆ. ಹಾಗಾದರೆ ಹೋದದ್ದು ಯಾವುದು? ನನ್ನದು! ಮಂಜನ ಹಾಡಿನ ಕೊಂಡಿ ಹಾಕಬೇಕಾದ ಜಾಗದಲ್ಲಿ ನನ್ನ ಹಾಡಿನ ಕೊಂಡಿ ಹಾಕಿದ್ದೆ. ನನ್ನ ಹಾಡಿನ ಮೇಲೆ ನಾನೇ ದೂರು ಕೊಟ್ಟು, ನಾನೇ ಗೆದ್ದಿದ್ದೆ. ಬಹುಶಃ ನನ್ನ ಜೀವನದಲ್ಲಿ ನಾನು ಗೆದ್ದ ಏಕೈಕ ಮೊಕದ್ದಮೆ.

ಎರಡನೆಯ ಸಲ ಕೊಂಡಿಯನ್ನು ಮೂರು ಬಾರಿ ನೋಡಿ ಅಂಟಿಸಿದೆ. ಈ ಸಲ ಗುರಿ ತಪ್ಪಲಿಲ್ಲ. ಮಂಜನ ಹಾಡು ಮಾಯವಾಯಿತು.

ಆ ಸಂಜೆ ಮನೆಗೆ ಅರ್ಧ ಕಿಲೋ ಪೇಡೆ ಒಯ್ದೆ. ಸರೋಜಾ ಡಬ್ಬಿ ತೆರೆಯಲೇ ಇಲ್ಲ. ಹಿತ್ತಲ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದಳು.

“ಹಾಡು ಕಾಣ್ತಾ ಇಲ್ರಾ. ಯಾರೋ ದೂರು ಕೊಟ್ಟಿದಾರಂತೆ. ಮಂಜಣ್ಣ ಫೋನ್ ಮಾಡಿದ್ದ.”

“ಹೌದಾ?” ಎಂದೆ. ನನ್ನ ದನಿ ನನಗೇ ಕಳ್ಳ ಬೆಕ್ಕಿನದರಂತೆ ಕೇಳಿಸಿತು. “ಯಾರಂತ?”

“ಯಾವ್ದೋ ಸಂಗೀತ ಸಂಸ್ಥೆಯಂತೆ. ಹೆಸರು ಓದೋ ಅಷ್ಟು ಮನಸ್ಸು ಅವನಿಗೂ ಇರ್ಲಿಲ್ಲ. ಪಾಪ, ಅಳೋದೊಂದು ಬಾಕಿ. ಎಂಥ ಜನ ಇರ್ತಾರ್ರಾ!”

“ಇರ್ತಾರ, ಇರ್ತಾರ” ಎಂದು ನಾನು ಪೇಡೆ ತಿಂದೆ. ನೀರು ಕುಡಿದೆ. ಆಮೇಲೆ ಇನ್ನೂ ನಾಲ್ಕು ತಿಂದೆ.

ವಿಷಯ ಇಲ್ಲಿಗೇ ಮುಗಿದಿದ್ದರೆ ನಾನೊಬ್ಬ ಯಶಸ್ವಿ ದುಷ್ಟನಾಗಿ ಉಳಿಯುತ್ತಿದ್ದೆ. ಆದರೆ ಸಿದ್ದಾಪುರದಲ್ಲಿ ಒಂದು ವಿಚಾರ ಸಂಕಿರಣ ಏರ್ಪಾಡಾಗಿತ್ತು: ‘ಡಿಜಿಟಲ್ ಯುಗದಲ್ಲಿ ಸಂಗೀತದ ಹಕ್ಕು: ಕಾನೂನು ಬದಲಾಗಬೇಕೇ?’ ಮಾತಾಡಬೇಕಿದ್ದ ನಮ್ಮ ವಕೀಲರಿಗೆ ಆ ದಿನ ಕೋರ್ಟಿನಲ್ಲಿ ಕೇಸು ಬಂತು. ಅವರು ಸಂಘಟಕರಿಗೆ, “ನಮ್ಮಲ್ಲಿ ಒಬ್ಬರು ಅನುಭವಸ್ಥರು ಇದ್ದಾರೆ” ಎಂದು ನನ್ನ ಹೆಸರು ಕೊಟ್ಟುಬಿಟ್ಟರು.

ಅನುಭವಸ್ಥರು! ಆ ಒಂದು ಶಬ್ದಕ್ಕೆ ನಾನು ಹೊಸ ಜುಬ್ಬಾ ಹೊಲಿಸಿದೆ.

ಸರೋಜಾ, “ನಾನೂ ಬರ್ತೆ. ಅಮ್ಮನೂ ಸಂಘದ ಹೆಂಗಸರ ಜೊತೆ ಬರ್ತಾಳಂತೆ, ನೋಡ್ದಂಗೂ ಆಯ್ತು” ಎಂದಳು. ಸಂಕಿರಣಕ್ಕೆ ಜನ ಕಡಿಮೆಯಾದೀತೆಂದು ಸಂಘಟಕರು ಸುತ್ತಲಿನ ಊರುಗಳ ಮಹಿಳಾ ಸಂಘಗಳನ್ನು ಕರೆದಿದ್ದರು. ನನ್ನ ಭಾಷಣವನ್ನು ಅತ್ತೆಯೂ ಕೇಳಲಿ ಎಂದು ನನಗೆ ಇನ್ನಷ್ಟು ಹುರುಪಾಯಿತು. ಹೆಣ್ಣು ಕೊಡುವಾಗ ಆಕೆ ಸ್ವಲ್ಪ ಅನುಮಾನ ಪಟ್ಟಿದ್ದುಂಟು.

ಸಭಾಂಗಣ ತುಂಬಿತ್ತು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

“ಮಾನ್ಯರೇ! ಇಂದು ಕಲಾವಿದನ ಹಾಡು ಲಕ್ಷಾಂತರ ಕಿವಿಗಳನ್ನು ತಲುಪುತ್ತಿದೆ. ಆದರೆ ಅದರಿಂದ ಯಾರಿಗೆ ಎಷ್ಟು ಹಣ ಹೋಯಿತು ಎಂಬುದು ಕಲಾವಿದನಿಗೇ ತಿಳಿಯದು. ಇದನ್ನು ತಿಳಿಸಲೇಬೇಕೆಂದು ಕಾನೂನು ಬರಬೇಕು! ಹಾಡು ಯಾರದೆಂದು ಯಂತ್ರ ತೀರ್ಮಾನಿಸುತ್ತಿದೆ. ಮನುಷ್ಯರು ತೀರ್ಮಾನಿಸಬೇಕೆಂದು ಕಾನೂನು ಬರಬೇಕು! ರಾಗವನ್ನು ಕದಿಯುವ ಕಳ್ಳನಿಗೆ ಕಠಿಣ ಶಿಕ್ಷೆಯಾಗಬೇಕು!”

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಎರಡನೆಯ ಸಾಲಿನಿಂದ ಬಿಳಿ ಮೀಸೆಯ ಒಬ್ಬರು ಎದ್ದು ನಿಂತರು.

“ಒಂದು ಪ್ರಶ್ನೆ. ಶಿರಸಿಲಿ ಕ್ಯಾಸೆಟ್ ಅಂಗಡಿ ಇತ್ತಲ್ಲ, ಅದು ನಿಮ್ಮದೇ ಅಲ್ವನಾ? ನನ್ನ ಮದುವೆ ಹೊತ್ತಿಗೆ ನೀವೇ ಎರಡು ಕ್ಯಾಸೆಟ್ ತುಂಬಿಸಿ ಕೊಟ್ಟಿದ್ರಿ. ಇಪ್ಪತ್ತನಾಲ್ಕು ಹಾಡು. ಆಗ ಯಾರನ್ನ ಕೇಳಿ ತುಂಬಿಸಿದ್ರಿ?”

ಸಭೆ ನಕ್ಕಿತು. “ಅದು... ಆ ಕಾಲಘಟ್ಟದ ಕಾನೂನು ಪರಿಸ್ಥಿತಿ ಭಿನ್ನವಾಗಿತ್ತು” ಎಂದೆ. ಭಿನ್ನವಾಗಿರಲಿಲ್ಲ. ನಾನು ಸಿಕ್ಕಿಬಿದ್ದಿರಲಿಲ್ಲ, ಅಷ್ಟೇ.

ಮಾತು ಕೈತಪ್ಪುತ್ತಿದೆ ಎನ್ನಿಸಿ, ಕೊನೆಗೆಂದು ಇಟ್ಟುಕೊಂಡಿದ್ದ ಸಾಕ್ಷಿಯನ್ನು ಆಗಲೇ ಹೊರತೆಗೆದೆ. ಹಾಡು ಮಾಯವಾಗುವ ಮೊದಲೇ ಅದರ ಪ್ರತಿಯೊಂದನ್ನು ಫೋನಿನಲ್ಲಿ ಇಳಿಸಿಟ್ಟಿದ್ದೆ. ಅದೂ ಕಾನೂನು ಪ್ರಕಾರ ತಪ್ಪೇ ಎಂದು ವಕೀಲರು ಆಮೇಲೆ ಹೇಳಿದರು.

“ಮೊದಲು ನನ್ನ ಹಾಡು ಕೇಳಿ” ಎಂದು ‘ಬಾರದ ಬಸ್ಸಿಗೆ’ಯ ಎರಡು ಸಾಲು ಹಾಡಿದೆ. “ಈಗ ಕಳುವಾದ ಮಾಲು ಕೇಳಿ! ಇದರ ಮೇಲೆ ದೂರು ಕೊಟ್ಟು ತೆಗೆಸಿದವನು ನಾನೇ!”

ಮೂರನೆಯ ಸಾಲಿನಲ್ಲಿ ಸರೋಜಳ ತಲೆ ತಟ್ಟನೆ ಮೇಲೆದ್ದಿತು.

ಹಾಡು ಶುರುವಾಯಿತು. ಹತ್ತು ಸೆಕೆಂಡಿಗೆ ನಿಲ್ಲಿಸುವುದು ನನ್ನ ಯೋಜನೆ. ಆದರೆ ಫೋನನ್ನು ಧ್ವನಿವರ್ಧಕದವನು ವೈರು ಜೋಡಿಸಿ ಸಭಾಂಗಣದ ಆ ಮೂಲೆಯಲ್ಲಿ ಇಟ್ಟುಕೊಂಡಿದ್ದ. ನಾನು ಕೈ ಬೀಸಿದೆ. ಅವನು ಜೋರು ಮಾಡಲು ಹೇಳುತ್ತಿದ್ದೇನೆಂದು ತಿಳಿದು ಜೋರು ಮಾಡಿದ!

ಹಿಂದಿನ ಸಾಲಿನಲ್ಲಿ ಒಬ್ಬಾಕೆ ದನಿಗೂಡಿಸಿದಳು. ಪಕ್ಕದವಳು ಸೇರಿಕೊಂಡಳು. ನೋಡುನೋಡುತ್ತಿದ್ದಂತೆ ಐವತ್ತು ಅರವತ್ತು ಹೆಂಗಸರು ಒಟ್ಟಿಗೆ ಹಾಡುತ್ತಿದ್ದರು. ಮಂಜ ಹಾಡದೇ ಬಿಟ್ಟ ಸಾಲುಗಳೂ ಅವರಿಗೆ ಗೊತ್ತಿದ್ದವು. ನನ್ನ ತಲೆಯಿಂದ ಹುಟ್ಟಿದ ರಾಗಕ್ಕೆ ನನ್ನ ತಲೆಗಿಂತ ಹಳೆಯ ಪದಗಳು ಎಷ್ಟೊಂದು ಇದ್ದವು!

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಮಂಜನ ದನಿ ನಿಂತು, ಎರಡನೆಯ ಚರಣಕ್ಕೆ ಒಂದು ಹೆಣ್ಣುದನಿ ಬಂತು. ಒಂದಿಷ್ಟು ಒರಟು, ಒಂದಿಷ್ಟು ಮೂಗಿನಿಂದ, ಕೊನೆಯಲ್ಲಿ ಸಣ್ಣಗೆ ನಡುಗುವ ದನಿ. ಅದು ನನಗೆ ಗೊತ್ತಿದ್ದ ದನಿ. ದಿನಾ ಬೆಳಿಗ್ಗೆ ನನ್ನನ್ನು ಚಹಾಕ್ಕೆ ಕರೆಯುವ ದನಿ. ಮದುವೆಯಾದ ಹೊಸತರಲ್ಲಿ ಅಕ್ಕಿ ಆರಿಸುತ್ತ ಏನೋ ಗುನುಗುತ್ತಿದ್ದ ದನಿ. ಏನು ಗುನುಗುತ್ತಿದ್ದಳು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆದರೆ ರಾಗ ಮಾತ್ರ ನನ್ನ ಕಿವಿಯೊಳಗೆ ಇಳಿದು ಕೂತು, ಕೆಲವು ತಿಂಗಳ ನಂತರ ‘ಸ್ವಂತ ರಾಗ’ವಾಗಿ ಹೊರಬಂದಿತ್ತು.

ಹಾಡು ಮುಗಿಯಿತು. ನಾನು ಇಡೀ ಹಾಡನ್ನು ಕೇಳಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿತ್ತು! ಆ ಗಳಿಗೆಯಲ್ಲೂ ನನಗೆ ಆ ಢೋಲಕ್ಕಿನ ಮಂಜನ ಮೇಲೆ ಹೊಟ್ಟೆ ಉರಿಯಿತು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಅತ್ತೆ ಕೋಲು ಊರಿ ಎದ್ದು ನಿಂತರು. “ಅಳಿಯಂದ್ರೇ, ಇದು ನೆಟ್ಟಿ ಹಾಡು. ಸಸಿ ನೆಡುವಾಗ ನಮ್ಮತ್ತೆ ಹೇಳ್ತಿದ್ರು. ಅವರತ್ತೇನೂ ಹೇಳ್ತಿದ್ರಂತೆ. ಸರೋಜ ಹೇಳ್ಕೊಟ್ಟು, ನಮ್ಮ ಮನೆ ಜಗಲೀಲೇ ಮಂಜ ರೆಕಾರ್ಡ್ ಮಾಡ್ಕಂಡ. ನೀವು ಯಾವ ಬಸ್ಸಿನ ವಿಷ್ಯ ಹೇಳ್ತಿದ್ರಿ?”

ಬಿಳಿ ಮೀಸೆಯವರು ಮತ್ತೆ ಎದ್ದರು. ಅವರಿಗೆ ಆ ದಿನ ಬೇರೆ ಕೆಲಸವಿರಲಿಲ್ಲ. “ಹಾಗಾದ್ರೆ ಇವರು ದೂರು ಕೊಟ್ಟಿದ್ದು ಸ್ವಂತ ಹೆಂಡ್ತಿ ಮೇಲೇನ್ರಾ?”

ಸಂಘಟಕರು ತರಾತುರಿಯಲ್ಲಿ ನನಗೆ ಶಾಲು ಹೊದಿಸಿದರು. ಅಷ್ಟು ಬೇಗ ವಂದನಾರ್ಪಣೆ ಮುಗಿದ ಸಭೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶಿರಸಿಗೆ ಬರುವ ಬಸ್ಸಿನಲ್ಲಿ ಸರೋಜಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅರ್ಧ ದಾರಿ ಕಳೆದ ಮೇಲೆ ಕೇಳಿದೆ: “ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರೆ ಎಂತ ಮಾಡ್ತಿದ್ರಿ? ಮಂಜಣ್ಣ ಹಾಡ್ತಾನೆ ಅಂದ್ರೇ ನಿಮ್ಮ ಮುಖ ಹುಳಿ ಆಗ್ತದೆ. ನೀವೇ ಕೇಳಿ ಗುರುತು ಹಿಡೀತ್ರಿ ಅಂದ್ಕಂಡಿದ್ದೆ. ಪೂರ್ತಿ ಕೇಳಿದ್ರಾ ಅಂತ ಕೇಳಿದ್ದೂ ಅದಕ್ಕೇ.” ಆಮೇಲೆ ಸೇರಿಸಿದಳು: “ಹನ್ನೊಂದು ಲಕ್ಷ ಜನ ಕೇಳಿದ್ರು. ನೀವೊಬ್ರು ಕೇಳಿದ್ದಿದ್ರೆ ಸಾಕಾಗಿತ್ತು.”

ನಾನು ಕಂಡಕ್ಟರನ ಕಡೆ ನೋಡಿದೆ. ಅವನು ಬೇರೆಡೆ ನೋಡಿದ.

ಮಾರನೆಯ ದಿನ ದೂರು ಹಿಂಪಡೆಯುವ ಅರ್ಜಿ ತುಂಬಿದೆ. ಕಾರಣವೇನು ಎಂದು ಕೇಳಿತ್ತು. ‘ದೂರುದಾರನಿಗೆ ಬುದ್ಧಿ ಬಂದಿದೆ’ ಎಂದು ಬರೆದೆ. ಅಕ್ಷರ ಹೆಚ್ಚಾದವು ಎಂದಿತು. ‘ಬುದ್ಧಿ’ ಎಂದಷ್ಟೇ ಬರೆದು ಕಳಿಸಿದೆ. ಒಪ್ಪಿಕೊಂಡಿತು.

ಆಮೇಲೆ ಕಿರವತ್ತಿಗೆ ಹೋದೆ. ಮಂಜ ಲಾರಿಯ ಟಯರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದೇಳಲಿಲ್ಲ.

“ಬಾ ಬಸಣ್ಣ. ಸಂಗೀತ ಸಂಸ್ಥೆಯವರು ಬಂದ್ರು!”

“ತಪ್ಪಾತು ಮಂಜಾ. ದೊಡ್ಡ ತಪ್ಪಾತು.”

ಅವನು ಟಯರಿಗೆ ಗಾಳಿ ತುಂಬುತ್ತ ನಿಧಾನಕ್ಕೆ ಹೇಳಿದ: “ನಂಗೆ ಸಿಟ್ಟು ಬಂದಿದ್ದು ಹಾಡು ಹೋಯ್ತು ಅಂತಲ್ಲ. ಇಪ್ಪತ್ತು ವರ್ಷ ನಿಂಗೆ ಢೋಲಕ್ ಬಾರ್ಸಿದೀನಿ. ಒಂದು ಫೋನ್ ಮಾಡಕ್ಕೆ ಆಗ್ಲಿಲ್ವಾ? ಹಾಡಿನ ಕೆಳಗೆ ಬರ್ದಿದ್ದಾದ್ರೂ ಓದಬೋದಿತ್ತಲ್ಲ ಮಾರಾಯಾ.”

ಹಾಡು ಮರಳಿ ಬಂದಿತ್ತು. ಅವನ ಫೋನಿನಲ್ಲೇ ಓದಿದೆ. ‘ರಾಗ, ಪದ: ಸಸಿ ನೆಡುವ ತಾಯಂದಿರದು. ಹಾಡಿದವರು: ಸರೋಜಾ, ಮಂಜುನಾಥ.’ ಅವಳ ಹೆಸರು ಮೊದಲು. ನಾನು ಕಾನೂನು ತಿದ್ದುಪಡಿಯ ಬಗ್ಗೆ ಅರ್ಧ ಗಂಟೆ ಕಿರುಚಿದ್ದೆ. ಈ ಪಂಕ್ಚರ್ ಹಾಕುವವನು ಎರಡು ಸಾಲಿನಲ್ಲಿ ಅದನ್ನು ಮಾಡಿ ಮುಗಿಸಿದ್ದ!

“ಮುಂದಿನ ವಾರ ಯಲ್ಲಾಪುರದಲ್ಲಿ ಇನ್ನೊಂದು ಹಾಡು ರೆಕಾರ್ಡ್ ಮಾಡ್ತಿದೀವಿ. ಸರೋಜಕ್ಕನ್ನ ಕರ್ಕಂಡ್ ಬಾ” ಎಂದ ಮಂಜ. ಚಹಾ ಮಾತ್ರ ಕುಡಿಸಲಿಲ್ಲ.

ಹೀಗಾಗಿ ಮುಂದಿನ ವಾರ ನಾನು ಸರೋಜಳ ಚೀಲವನ್ನೂ ಬಿಸಿನೀರಿನ ಫ್ಲಾಸ್ಕನ್ನೂ ಹಿಡಿದು ಯಲ್ಲಾಪುರದ ಆ ಪುಟ್ಟ ಸ್ಟುಡಿಯೊ ತಲುಪಿದೆ. ಅವಳು ಗಾಜಿನ ಆಚೆ ಕಿವಿಗೆ ಹೆಡ್‌ಫೋನು ಹಾಕಿ ನಿಂತಳು. ಧ್ವನಿಮುದ್ರಣದವನು ಅವಳಿಗೆ “ಮೇಡಂ, ಮೇಡಂ” ಎನ್ನುತ್ತಿದ್ದ. ನನಗೆ ಒಬ್ಬರೂ ಯಾವ ಕಾಲದಲ್ಲೂ ಹೆಡ್‌ಫೋನು ಹಾಕಿಸಿ “ಸರ್” ಎಂದಿದ್ದಿಲ್ಲ. ಹೊಟ್ಟೆಯಲ್ಲಿ ಮತ್ತೆ ಅದೇ ಉರಿ. ಈ ಸಲ ತಪ್ಪನ್ನು ಮಿರ್ಚಿಯ ಮೇಲೆ ಹಾಕಲಿಲ್ಲ.

ಹಾಡಿನ ನಡುವೆ ಚಪ್ಪಾಳೆ ಬೇಕಿತ್ತು. ಜನ ಸಾಲಲಿಲ್ಲ. “ನಮ್ಮನೆಯವ್ರು ಇದ್ದಾರಲ್ಲ” ಎಂದಳು ಸರೋಜಾ. ಬಸ್ಸಿನ ಆ ದಿನದ ನಂತರ ಅವಳು ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ನಾನು ಒಳಗೆ ಹೋಗಿ, ಇತರ ಐದು ಜನರ ಜೊತೆ ನಿಂತು, ಪೂರ್ತಿ ಮನಸ್ಸಿಟ್ಟು ಚಪ್ಪಾಳೆ ಹೊಡೆದೆ. ಮಾಜಿ ಮುಖ್ಯ ಗಾಯಕನ ಚಪ್ಪಾಳೆ! ಅದರ ತೂಕವೇ ಬೇರೆ.

ಕೆಲಸ ಮುಗಿದ ಮೇಲೆ ಧ್ವನಿಮುದ್ರಣದವನು ಕಾಗದಗಳನ್ನು ತಂದ. ಹಾಡಿದವರು, ಬಾರಿಸಿದವರು, ಚಪ್ಪಾಳೆ ಹೊಡೆದವರು ಎಲ್ಲರ ಹೆಸರು, ಹಕ್ಕು ಅದರಲ್ಲಿ ನಮೂದಾಗಬೇಕಂತೆ. ಇನ್ನು ಮುಂದೆ ಯಾರೂ ದೂರು ಕೊಡಬಾರದಲ್ಲ ಎಂದು ಮಂಜ ನನ್ನ ಕಡೆ ನೋಡದೇ ಹೇಳಿದ. ಸರೋಜಾ ಸಹಿ ಮಾಡಿದಳು. ಮಂಜ ಮಾಡಿದ. ಚಪ್ಪಾಳೆಯ ಐವರೂ ಮಾಡಿದರು. ನಾನು ಜೇಬಿನಿಂದ ಪೆನ್ನು ತೆಗೆದು, ಹೆಸರನ್ನು ಪೂರ್ತಿ ಬರೆಯುವುದೋ, ಮೊದಲಕ್ಷರ ಸೇರಿಸುವುದೋ ಎಂದು ಯೋಚಿಸುತ್ತ ಕೈ ಚಾಚಿದೆ.

“ನಿಮ್ಮದು ಬೇಡ ಬಿಡಿ” ಎಂದ ಧ್ವನಿಮುದ್ರಣದವನು, ಬಹಳ ಸೌಜನ್ಯದಿಂದ. “ನಿಮ್ಮ ಚಪ್ಪಾಳೆ ತಾಳ ತಪ್ತಾ ಇತ್ತು. ಅಷ್ಟನ್ನೇ ಹುಡುಕಿ ತೆಗೆದುಹಾಕಿದೀನಿ.”